ಮಾಶಿಮಾ ಮನೆಯ ಕಳ್ಳಿ

ಮೊನ್ನೆ ಒಂದು ನರ್ಸರಿಯಲ್ಲಿ ಕಳ್ಳಿಗಿಡಕ್ಕೆ ಕೈ ಮುಗಿದು ನಗೆಪಾಟಲಾದೆ. ಬಿಳಿ ಪಿಂಗಾಣಿ ಕುಂಡ, ಬುಡಕ್ಕೆ ಬಣ್ಣಬಣ್ಣದ ಕಲ್ಲು, ನಡುವೆ ಗೇಣುದ್ದದ ಎಲೆಗಳ್ಳಿ. ಕಂಡದ್ದೇ ತಡ, ಚಪ್ಪಲಿ ಕಳಚಿ ಎರಡೂ ಕೈ ಜೋಡಿಸಿಬಿಟ್ಟೆ. ಅಂಗಡಿಯ ಹುಡುಗಿ, "ಆಂಟಿ, ಅದು ದೇವರಲ್ಲ, ಸಕ್ಯುಲೆಂಟು. ವಾರಕ್ಕೊಮ್ಮೆ ನೀರು ಹಾಕಿದ್ರೆ ಸಾಕು" ಎಂದಳು. ಪಾಪ, ಅವಳಿಗೇನು ಗೊತ್ತು? ನಿಮಗಾದರೂ ಹೇಳಿಬಿಡುತ್ತೇನೆ. 

ನಮ್ಮನೆಯವರಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ. ಧಾರವಾಡದಲ್ಲಿ ಹುಟ್ಟಿ ಬೆಳೆದ ನಾನು ಅವರ ವರ್ಗಾವಣೆಯ ಬಾಲ ಹಿಡಿದು ಕಲ್ಕತ್ತೆಗೆ ಹೋದೆ. ಬೆಹಾಲಾದ ಒಂದು ಗಲ್ಲಿಯಲ್ಲಿ ಹಳೆಯ ಎರಡಂತಸ್ತಿನ ಮನೆ. ಹಸಿರು ಕಿಟಕಿ, ಪಾಚಿಗಟ್ಟಿದ ಗೋಡೆ, ಮೇಲೆ ವಿಶಾಲವಾದ ಬಯಲು ಛಾವಣಿ. ಕೆಳಗೆ ಮನೆಯೊಡತಿ, ಮೇಲೆ ನಾವಿಬ್ಬರು ಮತ್ತು ನಮ್ಮ ಪುಟ್ಟ ಮಗಳು. ಒಡತಿಗೆ ಎಪ್ಪತ್ತು ದಾಟಿತ್ತು, ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಡೀ ಓಣಿಗೆ ಆಕೆ ಮಾಶಿಮಾ, ಅಂದರೆ ಚಿಕ್ಕಮ್ಮ. ನಾನು ಆಕೆಗೆ 'ಬೌಮಾ', ಅಂದರೆ ಸೊಸೆ. ನಮ್ಮಿಬ್ಬರ ಮಾತು ಅರ್ಧ ಹಿಂದಿ, ಕಾಲು ಬಂಗಾಳಿ, ಉಳಿದ ಕಾಲು ಕೈಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ, ನೀವು ಕೈಸನ್ನೆ ಸೇರಿಸಿಕೊಳ್ಳಿ.

ಆಗ ಊರಿಗೆಲ್ಲ ಕಂಪ್ಯೂಟರಿನ ಹುಚ್ಚು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ನಾನು ಕರ್ನಾಟಕದವಳು ಎಂದು ತಿಳಿದದ್ದೇ ತಡ, ಓಣಿಯ ಹೆಂಗಸರು ತಮ್ಮ ಮಕ್ಕಳ ಕೆಟ್ಟುಹೋದ ಕಂಪ್ಯೂಟರನ್ನು ನೋಡಲು ನನ್ನನ್ನು ಕರೆಯತೊಡಗಿದರು. "ನೀವು ಬೆಂಗಳೂರಿನವರು, ನಿಮಗೆ ಗೊತ್ತಿರಲೇಬೇಕು" ಎಂಬ ವಾದ. ನನಗೆ ಅದರ ಗುಂಡಿ ಒತ್ತಲೂ ಬಾರದು. ಎರಡು ಸಲ ಮರ್ಯಾದೆಗೆ ಹೋಗಿ, ಅದನ್ನು ಒಳ್ಳೆಯ ಬಟ್ಟೆಯಿಂದ ಒರೆಸಿಕೊಟ್ಟು ಚಹಾ ಕುಡಿದು ಬಂದೆ. ಒಂದು ಸಲ ಅದು ಸರಿಯಾಯಿತು ಕೂಡ.

ಅದೇ ಹುಚ್ಚು ಮಾಶಿಮಾನ ಬುಡಕ್ಕೂ ಬಂದಿತ್ತು. ಕಂಪನಿಗಳಿಗೆ ಸೇರಿದ ಹೊಸ ಹುಡುಗ ಹುಡುಗಿಯರಿಗೆ ಫ್ಲ್ಯಾಟ್ ಬೇಕಲ್ಲ? ಬೆಹಾಲಾದ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿದ್ದವು. ಮನೆ ಕೆಡವಿ ಫ್ಲ್ಯಾಟ್ ಕಟ್ಟುವವನಿಗೆ ಅಲ್ಲಿ ಪ್ರೊಮೋಟರ್ ಎನ್ನುತ್ತಾರೆ. ಮಾಶಿಮಾನ ಗಂಡನ ಅಣ್ಣನ ಮಗ ಬಾಪಿ, ಎರಡು ಮೊಬೈಲಿನ ಆಸಾಮಿ. ಮನೆಯಲ್ಲಿ ಅವನಿಗೂ ಪಾಲಿತ್ತು, ಅದನ್ನು ಅಂಥ ಒಬ್ಬ ಪ್ರೊಮೋಟರನಿಗೆ ಕೊಡುವ ಆತುರವೂ ಇತ್ತು. ಪ್ರತಿ ಭಾನುವಾರ ಸಿಹಿಯ ಪೊಟ್ಟಣ ಹಿಡಿದು ಬಂದು, "ಕಾಕಿಮಾ, ಒಂದು ಸಹಿ ಹಾಕಿಬಿಡಿ. ನಿಮಗೂ ಹೊಸ ಫ್ಲ್ಯಾಟ್, ಲಿಫ್ಟ್ ಇರುತ್ತೆ" ಎನ್ನುತ್ತಿದ್ದ. ಮಾಶಿಮಾ ಸಿಹಿ ತಿಂದು, ಬಾಯಿ ಒರೆಸಿಕೊಂಡು, ಮೇಲಕ್ಕೆ ಬೆರಳು ತೋರಿಸಿ ಒಂದೇ ಮಾತು ಹೇಳುತ್ತಿದ್ದಳು: "ಮಾ ಮೇಲೆ ಕೂತಿದ್ದಾಳೆ. ಅವಳನ್ನು ಎಬ್ಬಿಸಿ ಕಳಿಸು, ಆಮೇಲೆ ಸಹಿ ಹಾಕ್ತೀನಿ." ಅಷ್ಟಕ್ಕೆ ಬಾಪಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಛಾವಣಿಯ ಮೂಲೆಯಲ್ಲಿ ಒಂದು ಪುಟ್ಟ ದೇವರ ಕೋಣೆಯಿತ್ತು, ಅದರಲ್ಲಿ ಕಾಳಿಯ ಪಟ. ಆ ಕಾಳಿಗೇ ಇವನು ಹೆದರುತ್ತಾನೆ ಎಂದುಕೊಂಡು ನಾನು ಸುಮ್ಮನಿದ್ದೆ. ಕೇಳಬಹುದಿತ್ತು. ಕೇಳಲಿಲ್ಲ.

ಮಾಶಿಮಾಗೂ ನನಗೂ ಗಂಟು ಬಿದ್ದದ್ದು ಅದೇ ಛಾವಣಿಯ ತೋಟದಲ್ಲಿ. ಫಾಲ್ಗುಣ ಹತ್ತಿರವಾದಂತೆ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿನೋವಿಗೆ ಬೈಯುತ್ತ ಮೆಟ್ಟಿಲು ಹತ್ತುತ್ತಿದ್ದಳು. ಚಳಿಗಾಲದ ಡೇಲಿಯಾ, ಸೇವಂತಿಗೆಯ ಕುಂಡ ಖಾಲಿ ಮಾಡಿ ಮಣ್ಣು ಬಿಸಿಲಿಗೆ ಹರವುವುದು, ಜರಡಿ ಹಿಡಿಯುವುದು, ಮಲ್ಲಿಗೆಯ ಎಲೆ ಉದುರಿಸಿ ಕಡ್ಡಿ ಕತ್ತರಿಸುವುದು, ಕುಂಡಗಳಿಗೆ ಕೆಮ್ಮಣ್ಣು ಬಳಿಯುವುದು. ಇದೆಲ್ಲಕ್ಕೂ ಮೇಲೆ ಸಾಸಿವೆ ಹಿಂಡಿಯ ಗೊಬ್ಬರ! ಹಿಂಡಿಯನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ ಆ ನೀರು ಉಣಿಸುತ್ತಾರೆ. ಆ ವಾಸನೆಯ ಬಗ್ಗೆ ಹೆಚ್ಚು ಹೇಳಲಾರೆ. ನಮ್ಮನೆಯವರು ಮೊದಲ ಸಲ ಅದು ಮೂಗಿಗೆ ಬಡಿದಾಗ ಮನೆಯಲ್ಲಿ ಏನೋ ಸತ್ತಿದೆ ಎಂದು ಮಂಚದ ಕೆಳಗೆಲ್ಲ ಟಾರ್ಚು ಬಿಟ್ಟು ಹುಡುಕಿದ್ದರು.

ಯಾವ ಗಿಡ ಇಡಬೇಕು ಎಂಬ ಜಗಳವಂತೂ ಮುಗಿಯುತ್ತಿರಲಿಲ್ಲ. ನನಗೆ ಕರಿಬೇವು ಬೇಕು, ದೊಡ್ಡಪತ್ರೆ ಬೇಕು, ದುಂಡುಮಲ್ಲಿಗೆಯಂತೂ ಬೇಕೇಬೇಕು. ಆಕೆಗೆ ಸುಗಂಧರಾಜ, ದಾಸವಾಳ. ಮರದ ಎಲೆ ಕಿತ್ತು ಸಾರಿಗೆ ಹಾಕುವ ನನ್ನನ್ನು ಕಂಡು "ಮೇಕೆ" ಎಂದು ನಕ್ಕವಳು, ಒಂದು ದಿನ ನನ್ನ ಮಜ್ಜಿಗೆಯ ಒಗ್ಗರಣೆ ನೆಕ್ಕಿ ನೋಡಿ ಮರುದಿನವೇ ಕರಿಬೇವಿಗೆ ಜಾಗ ಬಿಟ್ಟುಕೊಟ್ಟಳು. ಸೈಕಲ್ ಗಾಡಿಯಲ್ಲಿ ಸಸಿ ಮಾರುವವನೊಬ್ಬ ಬರುತ್ತಿದ್ದ. ನನ್ನ ಊರು ಕೇಳಿದ, ಹೇಳಿದೆ. ಅವತ್ತಿನಿಂದ ಅವನ ಗಾಡಿಯಲ್ಲಿದ್ದ ಪ್ರತಿ ಸಸಿಯೂ "ದೀದಿ, ಬೆಂಗಳೂರಿಂದಲೇ ಬಂದದ್ದು." ಗೆಣಸಿನ ಬಳ್ಳಿಗೂ ಅದೇ ಮಾತು.

ಆ ಛಾವಣಿಯ ಪೂರ್ವದ ಮೂಲೆಯಲ್ಲಿ, ಒಡೆದ ಸಿಮೆಂಟಿನ ತೊಟ್ಟಿಯಲ್ಲಿ, ನನ್ನ ಹೆಗಲೆತ್ತರದ ಒಂದು ಎಲೆಗಳ್ಳಿಯಿತ್ತು. ನನಗೆ ಕಳ್ಳಿ ಹೊಸದಲ್ಲ. ನಮ್ಮ ಕಡೆ ಹೊಲದ ಬದುವಿಗೆ, ಹಿತ್ತಲ ಬೇಲಿಗೆ ಅದೇ. ಶಾಲೆಗೆ ಹೋಗುವ ದಾರಿಯಲ್ಲಿ ಬೇಲಿಯ ದಪ್ಪನೆಯ ಎಲೆಗಳ ಮೇಲೆ ಮುಳ್ಳಿನಿಂದ ನಮ್ಮ ಹೆಸರು ಗೀಚುತ್ತಿದ್ದೆವು. ಗೀಚಿದ್ದು ನಾಲ್ಕು ದಿನಕ್ಕೆ ಬೆಳ್ಳಗೆ ಕಾಣುತ್ತಿತ್ತು. ನನ್ನ ಹೆಸರಿನ ಪಕ್ಕ ಯಾರೋ ಗಣಿತದ ಮಾಸ್ತರರ ಹೆಸರು ಗೀಚಿದ್ದಕ್ಕೆ ನಾನು ಒಂದು ವಾರ ಜ್ವರ ಬಂತೆಂದು ಮನೆಯಲ್ಲೇ ಉಳಿದೆ. ಆದರೆ ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಎಂಬ ಮಾತು ನಮಗೆಲ್ಲ ಅಆಇಈಗಿಂತ ಮೊದಲು ಬಂದಿತ್ತು.

ಮಾಶಿಮಾ ನೀರು ಹಾಕುವಾಗ ಆ ಕಳ್ಳಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು. ಮಂಡಿ ಹಿಡಿದಿರಬೇಕು ಎಂದುಕೊಂಡೆ. ಅದರ ಬುಡದಲ್ಲಿ ಮಾಸಿದ ಕೆಂಪು ಕಲೆಯಿತ್ತು. ಕುಂಡಕ್ಕೆ ಬಳಿದ ಕೆಮ್ಮಣ್ಣು ಸಿಡಿದಿರಬೇಕು ಎಂದುಕೊಂಡೆ. ನೋಡಿ, ಎಷ್ಟು ಜಾಣೆ ನಾನು!

ಅದೇ ಫಾಲ್ಗುಣದಲ್ಲಿ, ಹೋಳಿ ಹಬ್ಬಕ್ಕೆ ಮುಂಚೆ, ಮಾಶಿಮಾ ಹದಿನೈದು ದಿನಕ್ಕೆಂದು ಕೃಷ್ಣನಗರದ ತಂಗಿಯ ಮನೆಗೆ ಹೊರಟಳು. ಹೊರಡುವಾಗ ಛಾವಣಿಯ ಬೀಗದಕೈ ನನ್ನ ಅಂಗೈಗೆ ಹಾಕಿ, "ಗಿಡಗಳೆಲ್ಲ ನಿನ್ನವು ಅಂತಲೇ ತಿಳ್ಕೊ ಬೌಮಾ" ಎಂದಳು. ಅದೇ ವಾರ ಧಾರವಾಡದಿಂದ ನಮ್ಮ ಅತ್ತೆ ಯುಗಾದಿಗೆಂದು ಬಂದಿಳಿದರು. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಛಾವಣಿಗೆ ಹೋದವರು ಅಲ್ಲಿಂದಲೇ ಕೂಗಿದರು.

"ಶಾಲೂ! ಏ ಶಾಲೂ! ಇದೇನಽ ಇದು, ಮನಿ ಮ್ಯಾಲ ಕಳ್ಳಿ ಹಚ್ಚ್ಯಾರಲ್ಲ!"

"ಹೌದ್ರಿ ಅತ್ತಿ, ಮೊದಲಿಂದನೂ ಅದ."

"ಮೊದಲಿಂದ ಇದ್ರ ಇರ್ಲೇನು? ಕೂಸು ಇಲ್ಲೇ ಆಡ್ತದ. ಹಾಲು ಕಣ್ಣಾಗ ಬಿತ್ತಂದ್ರ ಯಾರಿಗೆ ಹೇಳ್ತಿ? ಹೊಲದ ಬದುವಿಗೆ ಹಚ್ಚೂದನ್ನ ಯಾರರ ಮನೀಗೆ ತರ್ತಾರೇನು? ಯುಗಾದಿ ಬಂತು. ತಗದ ಒಗಿ ಅದನ್ನ."

ನನಗೂ ಅದೇ ಬೇಕಿತ್ತು ಅನ್ನಿ. ಆ ತೊಟ್ಟಿ ಮಲ್ಲಿಗೆಗೆ ಹೇಳಿ ಮಾಡಿಸಿದಂತಿತ್ತು. ಇಡೀ ದಿನ ಬಿಸಿಲು ಬೀಳುವ ಜಾಗ ಅದೊಂದೇ. ಮಾಶಿಮಾ ಬರುವಷ್ಟರಲ್ಲಿ ಮಲ್ಲಿಗೆ ಮೊಗ್ಗು ಬಿಟ್ಟರೆ ಎಷ್ಟು ಖುಷಿಪಡುತ್ತಾಳೆ ಎಂದು ನಾನೇ ನನಗೆ ಹೇಳಿಕೊಂಡೆ. ಮರುದಿನ ಬೆಳಗ್ಗೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕಣ್ಣಿಗೆ ಹಾಲು ಸಿಡಿಯದಿರಲೆಂದು ನಮ್ಮನೆಯವರ ಹೆಲ್ಮೆಟ್ ಹಾಕಿಕೊಂಡು ಕುಡುಗೋಲು ಹಿಡಿದೆ. ಕಳ್ಳಿ ಸೌತೆಕಾಯಿಯ ಹಾಗೆ ಸಲೀಸಾಗಿ ತುಂಡಾಯಿತು. ಬೆಳ್ಳನೆಯ ಹಾಲು ತೊಟ್ಟಿಯ ತುಂಬ ಹರಿಯಿತು. ಹತ್ತು ನಿಮಿಷದ ಕೆಲಸ. ಬೇರು ಸಮೇತ ಗೋಣಿಚೀಲಕ್ಕೆ ತುಂಬಿ, ಸೀಟಿ ಊದುತ್ತ ಬರುವ ಕಸದ ಕೈಗಾಡಿಯವನಿಗೆ ಕೊಟ್ಟು, ಒಂದು ಲೋಟ ಚಹಾನೂ ಕೊಟ್ಟೆ. ಅವನು ಅದನ್ನು ಗಲ್ಲಿಯ ತುದಿಯ ಕಾರ್ಪೊರೇಷನ್ ಕಸದ ತೊಟ್ಟಿಗೆ ಸುರಿದ. ಮಧ್ಯಾಹ್ನ ಲಾರಿ ಬಂದು ಎಲ್ಲ ಬಾಚಿಕೊಂಡು ಹೋಯಿತು. ನಾನು ಮಲ್ಲಿಗೆ ನೆಟ್ಟು, ಹಿಂಡಿಯ ನೀರು ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಹೆಮ್ಮೆಪಟ್ಟೆ.

ಮಾಶಿಮಾ ಬರಲು ಇನ್ನು ಮೂರು ದಿನವಿತ್ತು. ಹೋಳಿ ಹಬ್ಬಕ್ಕೆಂದು ಊರಿಗೆ ಹೋಗಿದ್ದ ಮನೆಗೆಲಸದ ಮಾಲತಿದಿ ಹಿಂತಿರುಗಿದಳು. ಅವಳಿಗೆ ನಾನು 'ಬೌದಿ', ಅಂದರೆ ಅತ್ತಿಗೆ. ಒಗೆದ ಬಟ್ಟೆ ಒಣಹಾಕಲು ಛಾವಣಿಗೆ ಹೋದಳು. ಮೇಲಿನಿಂದ ಬಕೀಟು ಉರುಳಿದ ಸದ್ದು, ಅದರ ಹಿಂದೆಯೇ "ಮಾ ಗೋ!" ಎಂಬ ಕೂಗು. ಯಾರಾದರೂ ಬಿದ್ದರೇ ಎಂದು ನಾನೂ ಅತ್ತೆಯೂ ಓಡಿದೆವು. ಅವಳು ಮಲ್ಲಿಗೆಯ ತೊಟ್ಟಿಯ ಮುಂದೆ ಕುಸಿದು ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು.

"ಮಾ ಎಲ್ಲಿ ಬೌದಿ? ಮಾ ಮನಸಾ ಎಲ್ಲಿ?"

ನಾನು ಹಲ್ಲು ಕಿರಿದು, "ಯಾರು ಮನಸಾ?" ಎಂದೆ.

ಮಾಲತಿದಿ ಬಿಕ್ಕುತ್ತ ಹೇಳಿದಳು. ಮನಸಾ ಎಂದರೆ ಹಾವುಗಳ ತಾಯಿ. ಬಂಗಾಳದಲ್ಲಿ ಅವಳಿಗೆ ಗುಡಿಯೂ ಬೇಡ, ಮೂರ್ತಿಯೂ ಬೇಡ, ಈ ಕಳ್ಳಿಯೇ ಅವಳು. ಮಾಶಿಮಾನ ಅತ್ತೆ ನೆಟ್ಟ ಗಿಡ ಅದು. ಮದುವೆಯಾಗಿ ಬಂದ ವರ್ಷದಿಂದ ಮಾಶಿಮಾ ಶ್ರಾವಣದಲ್ಲಿ ಅದಕ್ಕೆ ಹಾಲಿಡುತ್ತ ಬಂದಿದ್ದಾಳೆ. ನಾವು ಆ ಮನೆಗೆ ಬಂದದ್ದು ಶ್ರಾವಣ ಕಳೆದ ಮೇಲೆ, ಹಾಗಾಗಿ ನಾನು ಆ ಪೂಜೆ ನೋಡಿರಲಿಲ್ಲ. ಬುಡದ ಕೆಂಪು ಕಲೆ ಸಿಂಧೂರ. "ಈ ಎರಡು ವರ್ಷದಲ್ಲಿ ಬಾಪಿಬಾಬು ಕೂಲಿಯವರನ್ನು ಕರ್ಕೊಂಡು ಎರಡು ಸಲ ಬಂದಿದ್ದ. ಮಾ ಇರೋ ಛಾವಣಿಗೆ ಸುತ್ತಿಗೆ ಹಾಕಲ್ಲ ಅಂತ ಅವರು ವಾಪಸ್ ಹೋದ್ರು. ಬಾಪಿಬಾಬುಗೂ ಹಾವಿನ ಹೆದರಿಕೆ. ಈ ಮನೆ ನಿಂತಿದ್ದೇ ಆ ಗಿಡದ ಮೇಲೆ ಬೌದಿ!"

 ಪ್ರೊಮೋಟರನ ಗುಂಪಿಗೆ ಎರಡು ವರ್ಷ ಆಗದೇ ಇದ್ದದ್ದನ್ನು ಧಾರವಾಡದ ನಾನೊಬ್ಬಳು ಹೆಲ್ಮೆಟ್ ಹಾಕಿಕೊಂಡು ಹತ್ತು ನಿಮಿಷದಲ್ಲಿ ಮುಗಿಸಿದ್ದೆ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ. ನಾನು ವನ ಕೆಡಿಸಿದ್ದು ಮಾತ್ರವಲ್ಲ, ಒಬ್ಬ ಮುದುಕಿಯ ತಲೆಯ ಮೇಲಿನ ಸೂರನ್ನೇ ಕಿತ್ತು ಕಸದ ಗಾಡಿಗೆ ಹಾಕಿದ್ದೆ.

ನಾನು ಮಾಲತಿದಿಯ ಮಾತನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ತೊಟ್ಟಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರು. ನಾಗರಪಂಚಮಿ ಎಂದರೆ ನಮ್ಮ ಮನೆಯಲ್ಲಿ ದೀಪಾವಳಿಗಿಂತ ದೊಡ್ಡದು. ಅವತ್ತು ಕಾಯಿಪಲ್ಯಕ್ಕೆ ಚಾಕು ಮುಟ್ಟಿಸದವರು, ನೆಲ ಅಗೆಯಬೇಡಿ ಎಂದು ಓಣಿಯ ಹುಡುಗರಿಗೆಲ್ಲ ಬೈಯುವವರು.

"ನಾಗಪ್ಪಗ ಹಾಲೆರೆಯೋ ಮನತನದಾಕಿ ನಾ," ಎಂದು ಹಣೆ ಬಡಿದುಕೊಂಡರು. "ನಾನಽ ಕಡಿ ಅಂದ್ನೆಲ್ಲ ಶಾಲೂ! ನನ್ನ ಬಾಯಾಗನಽ ಬಂತಲ್ಲ ಆ ಮಾತು! ಅಯ್ಯ ಶಿವನ!"

ಸಂಜೆ ನಮ್ಮನೆಯವರು ಎಲ್ಲ ಕೇಳಿ ಬೂಟೂ ಬಿಚ್ಚದೆ ಕೂತರು. "ಒಂದ ಫೋನ್ ಮಾಡಿ ಕೇಳಬೇಕಿತ್ತಿಲ್ಲೋ?" ಎಂದರು. 

ಮರುದಿನ ಟಾಲಿಗಂಜಿನ ರಸ್ತೆಬದಿಯ ನರ್ಸರಿಗೆ ಹೋದೆ. ಎಲೆಗಳ್ಳಿ ಇತ್ತು, ಮೊಣಕಾಲೆತ್ತರದ್ದು. ಮಾರುವವನು, "ಪೂಜೆಗೋ, ಶೋಕಿಗೋ?" ಎಂದು ಕೇಳಿದ. ಪ್ರಾಯಶ್ಚಿತ್ತಕ್ಕೆ ಎನ್ನಲು ಬಂಗಾಳಿಯಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಸೆರಗು ಹೊದಿಸಿದೆ. ಪಕ್ಕದ ಹೆಂಗಸು ಮಗುವೆಂದುಕೊಂಡು ಎಷ್ಟು ತಿಂಗಳು ಎಂದು ಕೇಳಿದಳು. ಮಲ್ಲಿಗೆ ಕಿತ್ತು, ಅದೇ ತೊಟ್ಟಿಯಲ್ಲಿ ಅದನ್ನು ನೆಟ್ಟೆ. ಮೋಸ ಮಾಡುವ ಉದ್ದೇಶ ನನಗಿರಲಿಲ್ಲ. ಹೆಗಲೆತ್ತರದ್ದು ಮೊಣಕಾಲಿಗೆ ಇಳಿದಿತ್ತು, ಮೋಸ ಹೋಗಲು ಮಾಶಿಮಾ ಕುರುಡಿಯೇ? ಆಕೆ ಬಂದ ತಕ್ಷಣ ಕಾಲು ಹಿಡಿದು ಎಲ್ಲ ಹೇಳುವುದೆಂದು ನಿಶ್ಚಯಿಸಿ, ಎರಡು ರಾತ್ರಿ ಹೇಗೋ ಕಳೆದೆ.

ಬಂದದ್ದು ಒಬ್ಬಳೇ ಅಲ್ಲ. ಚೀಲ ಹೊತ್ತು ಜೊತೆಗೆ ಬಾಪಿ! ನೇರವಾಗಿ ಛಾವಣಿಗೇ ಬಂದರು. ನಾನು, ಅತ್ತೆ, ಮಾಲತಿದಿ ಮೂವರೂ ಅಪರಾಧಿಗಳ ಹಾಗೆ ಸಾಲಾಗಿ ನಿಂತಿದ್ದೆವು. ಮಾಶಿಮಾನ ಕಣ್ಣು ಮೊದಲು ಹೋದದ್ದು ಪೂರ್ವದ ಮೂಲೆಗೆ. ಆಕೆ ಮೆಟ್ಟಿಲ ಬಾಗಿಲನ್ನು ಹಿಡಿದುಕೊಂಡಳು. 

ಬಾಪಿಯೂ ನೋಡಿದ. "ಅರೆ! ಗಿಡ ಎಲ್ಲಿ ಕಾಕಿಮಾ? ಇದು ಬೇರೆ! ಯಾರು ಕಡಿದದ್ದು?" ಎಂದವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನೀವೇ? ಕಡಿದು ಎಷ್ಟು ದಿನವಾಯ್ತು? ಏನೂ ಆಗಲಿಲ್ವಾ ನಿಮಗೆ?" ಅವನ ಮುಖದಲ್ಲಿ ನಿಧಾನವಾಗಿ ನಗು ಅರಳತೊಡಗಿತು. ಎರಡು ವರ್ಷ ಹೆದರಿದ್ದು ಸುಮ್ಮನೆ ಎಂದು ಅವನಿಗೆ ಹೊಳೆಯುತ್ತಿರುವುದು ನನಗೆ ಕಾಣುತ್ತಿತ್ತು.  "ಮಾಶಿಮಾ, ನಾನು..." ಎಂದೆ.

"ನೀನು ಸುಮ್ಮನಿರು ಬೌಮಾ," ಎಂದಳು ಮಾಶಿಮಾ.  "ನಾನೇ ಹೇಳಿ ಹೋಗಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಹಳೇ ಮಾನನ್ನು ಕಳಿಸಿ ಹೊಸ ಮಾನನ್ನು ಕೂರಿಸಬೇಕು. ನಿನ್ನ ಅಜ್ಜಿ ನನಗೆ ಹೇಳಿಕೊಟ್ಟ ನಿಯಮ. ದುರ್ಗೆಯನ್ನೇ ಪ್ರತಿ ವರ್ಷ ಗಂಗೆಗೆ ಬಿಡಲ್ವಾ ನಾವು? ನನಗೆ ಮಂಡಿ ಆಗಲ್ಲ ಅಂತ ಬೌಮಾಗೆ ಒಪ್ಪಿಸಿದೆ. ಚೈತ್ರಕ್ಕೆ ಮುಂಚೆ ಮುಗಿಸು ಅಂದಿದ್ದೆ, ಮುಗಿಸಿದ್ದಾಳೆ. ಏನು ನೋಡ್ತೀಯ? ಹೊಸ ಮಾ ಕೂತಿದ್ದಾಳೆ, ನಮಸ್ಕಾರ ಮಾಡು!"

ಬಾಪಿಯ ನಗು ಅಲ್ಲೇ ಬಾಡಿತು. ಎರಡೂ ಮೊಬೈಲನ್ನು ಜೇಬಿಗಿಳಿಸಿ, ನಾನು ಟಾಲಿಗಂಜಿನಿಂದ ಬಸ್ಸಿನಲ್ಲಿ ತಂದ ಗಿಡದ ಮುಂದೆ ಹಣೆ ನೆಲಕ್ಕೆ ಹಚ್ಚಿದ.  ನಾವು ಆ ಮನೆಯಲ್ಲಿದ್ದ ಅಷ್ಟೂ ವರ್ಷ ಅವನು ಮತ್ತೆ ಸಹಿಯ ಮಾತೆತ್ತಲಿಲ್ಲ. ಇನ್ನೊಂದು ಹೇಳಲೇಬೇಕು. ಮರುವರ್ಷ ಓಣಿಯ ಇಬ್ಬರು ಹೆಂಗಸರು ಬಂದು, ತಮ್ಮ ಮನೆಯ ಮನಸಾಗೂ ಹನ್ನೆರಡು ತುಂಬಿತು, ಯಾವ ದಿನ ಕಡಿಯಬೇಕು ಎಂದು ನನ್ನನ್ನು ಕೇಳಿದರು. ಅವರ ಪುರೋಹಿತರೂ ಹೌದು ಹೌದು, ಶಾಸ್ತ್ರದಲ್ಲಿದೆ ಎಂದಿದ್ದರಂತೆ! ನನಗೆ ತಲೆ ತಿರುಗಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಓಡಿದೆ.

ಬಾಪಿ ಹೋದ ಮೇಲೆ ಮಾಶಿಮಾ ಛಾವಣಿಯ ನೆಲದ ಮೇಲೆಯೇ ಕೂತಳು. ನಾನು ಕಾಲ ಬಳಿ ಕೂತು ಅಳುತ್ತ ಎಲ್ಲ ಹೇಳಿದೆ. ಕೂಸಿನ ಕಣ್ಣು, ಕಳ್ಳಿಯ ಹಾಲು, ಮಲ್ಲಿಗೆಯ ಆಸೆ, ಕೆಮ್ಮಣ್ಣು ಎಂದುಕೊಂಡ ಸಿಂಧೂರ. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಂಥ ನಿಯಮ ಯಾವುದೂ ಇಲ್ಲ," ಎಂದಳು ಕೊನೆಗೆ. "ಮಾ ಹೆಸರಲ್ಲಿ ಸುಳ್ಳು ಹೇಳಿದೆ. ಮನೆ ಉಳಿಯಿತು." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಗಂಗೆಗಾದರೂ ಬಿಟ್ಟೆಯಾ?"

ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.  ಗಲ್ಲಿಯ ತುದಿಯ ಕಡೆಗೆ ಕೈ ತೋರಿಸಿದೆ. ಆಕೆ ತಿರುಗಿ ಅತ್ತ ನೋಡಿದಳು. ಆಮೇಲೆ ಎದ್ದು, ಕೆಳಗೆ ಹೋಗಿ, ಕಂಚಿನ ಬಟ್ಟಲಲ್ಲಿ ಹಾಲು ತುಂಬಿಕೊಂಡು ಬಾಗಿಲಿಗೆ ಬಂದಳು. "ಬಾ" ಎಂದಳು.

ಸಂಜೆಯ ಹೊತ್ತು. ಗಲ್ಲಿಯ ತುಂಬ ಜನ. ಮಾಶಿಮಾ ಬಿಳಿ ಸೀರೆಯ ಸೆರಗು ತಲೆಗೆ ಹೊದ್ದು ಮುಂದೆ, ಅವಳ ಹಿಂದೆ ನಾನು, ನನ್ನ ಹಿಂದೆ ಬರಿಗಾಲಲ್ಲಿ ಅತ್ತೆ. ಕಸದ ತೊಟ್ಟಿ ಬಹುಮಟ್ಟಿಗೆ ಖಾಲಿಯಾಗಿತ್ತು. ಮೀನಿನ ಮುಳ್ಳು, ಎಳನೀರಿನ ಬುರುಡೆ, ಒಂದು ಬಡಕಲು ನಾಯಿ. ಮಾಶಿಮಾ ತೊಟ್ಟಿಯ ಮುಂದೆ ನಿಂತು ಬಟ್ಟಲನ್ನು ಹಣೆಗೆ ಮುಟ್ಟಿಸಿದಳು. ತುಟಿ ಬಹಳ ಹೊತ್ತು ಅಲುಗುತ್ತಿತ್ತು. ಅತ್ತೆ ನೆಲಕ್ಕೆ ಮಂಡಿಯೂರಿ, "ತಪ್ಪಾತೋ ನಾಗಪ್ಪಾ, ತಪ್ಪಾತು. ಕೂಸಿಗೇನೂ ಮಾಡಬ್ಯಾಡೋ" ಎಂದು ಕೆನ್ನೆ ಬಡಿದುಕೊಳ್ಳುತ್ತಿದ್ದರು. ದಾರಿಹೋಕರು ನಿಂತು ನೋಡಿದರು.

ಮಾಶಿಮಾ ಹಾಲನ್ನು ನೆಲಕ್ಕಿಡಲು ಬಗ್ಗಿದಳು. ಮಂಡಿ ಬಾಗಲಿಲ್ಲ. ನಾನು ಹಿಂದಕ್ಕೆ ಸರಿದು ಅತ್ತೆಯನ್ನು ಮುಂದೆ ಮಾಡಿದೆ. ಆ ಬಟ್ಟಲನ್ನು ಮುಟ್ಟುವ ಮುಖ ನನಗೆಲ್ಲಿತ್ತು?

ಮಾಶಿಮಾ ಬಟ್ಟಲನ್ನು ನನ್ನ ಕಡೆಗೇ ಚಾಚಿದಳು.

"ನೀನೇ ಇಡು ಬೌಮಾ," ಎಂದಳು. "ಅವಳಿಗೆ ನಿನ್ನ ಕೈ ಗೊತ್ತು."